ದಪ್ಪ ಹಾಳೆ, ಮನೆ ಪ್ರಿಂಟರ್ ಮತ್ತು ಅಡುಗೆ ಅವ್ವನ ಬಿನ್ನವತ್ತಳೆ

ಮಾರ್ಚ್ ಕೊನೆಯ ವಾರ. ಸಂಜೆ ಆರೂವರೆಗೆ ನಮ್ಮೂರ ಶಾಲೆಯ ಹೆಡ್ ಮಾಸ್ತರು ಫೋನ್ ಮಾಡಿದರು.

"ನಾಳೆ ಹತ್ತಕ್ಕ ಅಡುಗಿ ಅವ್ವಗ ಸಣ್ಣ ಸನ್ಮಾನ ಇಟ್ಟೀವ್ರಿ. ಒಂದು ಬಿನ್ನವತ್ತಳೆ ಮಾಡಿಕೊಡ್ರಿ. ಹುಡುಗರ ಬರದಾರ, ಫೋಟೊ ಹೊಡದು ಕಳಸ್ತೀನಿ. ಹಾಳಿ ಮಾತ್ರ ದಪ್ಪಂದು ಇರಲ್ರಿ."

ಆಗಲಿ ಸರ್ ಎಂದೆವು. ಇಲ್ಲ ಅನ್ನಲು ನಮಗೆ ಬಾಯಿ ಬರುವಂತಿರಲಿಲ್ಲ. 2002ರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ನಾವು ಅಣ್ಣತಮ್ಮಂದಿರಲ್ಲಿ ಒಬ್ಬರು ನಾಲ್ಕನೇ ಕ್ಲಾಸು, ಇನ್ನೊಬ್ಬರು ಎರಡನೇ ಕ್ಲಾಸು. ಅದೇ ಅವ್ವ ಬಡಿಸಿದ ಅನ್ನ ಸಾರು ಉಂಡವರು ನಾವು. ಈಗ ಆಕೆಗೆ ಅರವತ್ತು ತುಂಬಿತ್ತು. ಅರವತ್ತಕ್ಕೆ ಬಿಡುಗಡೆ ಎಂಬುದು ನಿಯಮ. ತಿಂಗಳ ಪಿಂಚಣಿ ಇಲ್ಲ. ತೆಳ್ಳನೆಯ ಹಾಳೆಯಲ್ಲಿ ನಾಲ್ಕು ಸಾಲಿನ ಬಿಡುಗಡೆ ಪತ್ರ ಕೈಗೆ ಬಂದಿತ್ತು, ಅಷ್ಟೇ.

ಕಾಪಾಡಿ ಇಟ್ಟುಕೊಳ್ಳಬಹುದಾದ ಒಂದು ಹಾಳೆಯನ್ನಾದರೂ ಕೊಡಬೇಕು ಎಂಬುದು ಮಕ್ಕಳ ಆಸೆ.

ನಮ್ಮ ಮನೆಯಲ್ಲಿ ಒಂದು ಇಂಕ್ ಪ್ರಿಂಟರ್ ಇದೆ. ಸುದ್ದಿ ಬರೆದು ಬರುವ ಹಣ ಎಷ್ಟೆಂದು ಈ ಬ್ಲಾಗ್ ಓದುವವರಿಗೆ ಗೊತ್ತು. ಕಂತಿನ ಮೇಲೆ ತಂದ ಈ ಯಂತ್ರದಲ್ಲಿ ಪಹಣಿ, ಅರ್ಜಿ, ಝೆರಾಕ್ಸ್ ಮಾಡಿಕೊಟ್ಟು ಮನೆ ಖರ್ಚು ಸರಿದೂಗಿಸುತ್ತೇವೆ. ಯಾರದೋ ಮದುವೆ ಕಾರ್ಡಿಗೆಂದು ತಂದು ಉಳಿದಿದ್ದ ಐದು ಐವರಿ ಹಾಳೆಗಳು ಅಲಮಾರಿಯ ಮೇಲಿದ್ದವು. 300 ಜಿಎಸ್‌ಎಂ. ತಾಲ್ಲೂಕಿನ ಅಂಗಡಿಗಳು ಬಾಗಿಲು ಹಾಕುವ ಹೊತ್ತು. ಇದ್ದದ್ದು ಆ ಐದೇ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಎ4 ಅಳತೆಯ 16 ಹಾಳೆ ಜೋಡಿಸಿದರೆ ಒಂದು ಚದರ ಮೀಟರ್ ಆಗುತ್ತದೆ. ಅರ್ಜಿ ಬರೆಯುವ 80 ಜಿಎಸ್‌ಎಂ ಹಾಳೆ ಒಂದಕ್ಕೆ 5 ಗ್ರಾಂ ತೂಕ. ನಮ್ಮ 300ರ ಹಾಳೆ ಒಂದಕ್ಕೆ 18 ಗ್ರಾಂಗಿಂತ ಹೆಚ್ಚು. ಯಂತ್ರಕ್ಕೆ ಒಂದೇ ಸಲಕ್ಕೆ ಮೂರ್ನಾಲ್ಕು ಹಾಳೆ ಒಟ್ಟಿಗೆ ಎಳೆ ಎಂದಂತೆ.

ಇದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ. ದಿನಾ ಅರ್ಜಿ ಹಾಳೆ ಹಾಕುವ ಮುಂದಿನ ಟ್ರೇಗೇ ಐವರಿ ಹಾಳೆ ಹಾಕಿದೆವು. ಯಂತ್ರ ಗುರ್ ಎಂದಿತು, ಟಕ ಟಕ ಎಂದಿತು, ಕೆಂಪು ದೀಪ ಹತ್ತಿತು. ಹಾಳೆ ಒಳಗೆ ಮಡಿಕೆ ಮಡಿಕೆಯಾಗಿ ಕೂತಿತ್ತು. ಒಂದು ಹೋಯಿತು.

ಹಾಳೆ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ಎರಡನೆಯದನ್ನು ಒತ್ತಿ ಹಾಕಿದೆವು. ಅದೂ ಅಲ್ಲೇ ಸಿಕ್ಕಿತು. ಸಿಟ್ಟಿನಲ್ಲಿ ಮುಂದಿನಿಂದ ಜಗ್ಗಿದೆವು, ಚರ್ ಎಂದು ಹರಿಯಿತು. ಸಿಕ್ಕಷ್ಟು ತುಂಡು ತೆಗೆದರೂ ಯಂತ್ರ ಹಾಳೆ ಸಿಕ್ಕಿಕೊಂಡಿದೆ ಎಂದೇ ಹೇಳುತ್ತಿತ್ತು. ನೋಡಿದರೆ ಒಳಗೆ ಏನೂ ಕಾಣದು.

ಅಷ್ಟರಲ್ಲಿ ನಮ್ಮವ್ವ ರೊಟ್ಟಿ ಬುಟ್ಟಿ ಹಿಡಿದು ಬಂದಳು. ಹರಿದ ಹಾಳೆ ನೋಡಿ ಕೇಳಿದಳು, "ಅದು ಒಳಗ ಹ್ಯಾಂಗ ಹೊಕ್ಕತೈತಿ?"

ಮುಂದಿನಿಂದ ಹೋಗಿ ಹಿಂದೆ ಸುತ್ತಿ ಮತ್ತೆ ಮುಂದೆ ಬರುತ್ತದೆ ಎಂದೆವು.

"ಬಿಸಿ ರೊಟ್ಟಿ ಆದರ ಸುತ್ತತೈತಿ. ಕಟಿ ರೊಟ್ಟಿ ಸುತ್ತಾಕ ಬರತೈತೇನು? ಮುರೀತೈತಿ" ಎಂದು ಒಳಗೆ ಹೋದಳು.

ಡಿಪ್ಲೊಮಾ ಓದಿದ ನಾವು ಮುಖ ಮುಖ ನೋಡಿಕೊಂಡೆವು. ಯಂತ್ರದ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದರೆ ಅದರಲ್ಲೂ ಅದೇ ಇತ್ತು. ಮುಂದಿನ ಟ್ರೇ ಸಾದಾ ಹಾಳೆಗೆ. ದಪ್ಪ ಹಾಳೆ ಹಾಕಬೇಕಾದದ್ದು ಹಿಂದಿನ ಬಾಯಿಗೆ, ಅದೂ ಒಂದೊಂದಾಗಿ. ಮುಂದಿನಿಂದ ಹೋದ ಹಾಳೆ ಪೂರ್ತಿ ತಿರುವು ತೆಗೆದುಕೊಳ್ಳಬೇಕು. ಹಿಂದಿನಿಂದ ಹಾಕಿದ್ದು ಹೆಚ್ಚು ಬಾಗದೆ ನೇರ ಇಳಿದು ಹೊರಗೆ ಬರುತ್ತದೆ. ನಮ್ಮ ಯಂತ್ರಕ್ಕೂ ಹಿಂದಿನ ಬಾಯಿ ಇತ್ತು. ಅದರ ಮುಚ್ಚಳದ ಮೇಲೆ ನಾವು ಹಳೆ ಪೇಪರ್ ಕಟ್ಟು ಪೇರಿಸಿಟ್ಟಿದ್ದೆವು.

ಮೊದಲು ಒಳಗಿನ ತುಂಡು ತೆಗೆಯಬೇಕಿತ್ತು. ಸ್ವಿಚ್ ಆರಿಸಿ ವೈರ್ ಕಿತ್ತೆವು. ಹಿಂದಿನ ಮುಚ್ಚಳ ಬಿಚ್ಚಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆವು. ಉರುಳೆಯ ಪಕ್ಕದಲ್ಲಿ ಉಗುರಿನಷ್ಟು ಕಾಗದದ ಚೂರು. ಅಷ್ಟಕ್ಕೇ ಯಂತ್ರ ಹಟ ಹಿಡಿದಿತ್ತು. ಮೆಲ್ಲಗೆ ಎಳೆದು ತೆಗೆದೆವು. ಒಂದು ಮಾತು ಇಲ್ಲಿ ನೆನಪಿಡಿ. ಸಿಕ್ಕ ಹಾಳೆಯನ್ನು ಎರಡೂ ಕೈಯಿಂದ, ನಿಧಾನಕ್ಕೆ, ಹಾಳೆ ಸಾಗುವ ದಿಕ್ಕಿಗೇ ಎಳೆಯಬೇಕು. ಇಂಕ್ ಪ್ರಿಂಟರಿನ ಒಳಗೆ ಉದ್ದಕ್ಕೆ ಇರುವ ತೆಳ್ಳನೆಯ ಪಾರದರ್ಶಕ ಪಟ್ಟಿಯನ್ನು ಮುಟ್ಟಬಾರದು. ಅದನ್ನು ನೋಡಿಯೇ ಇಂಕಿನ ತಲೆ ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತದೆ.

ಮೂರನೇ ಹಾಳೆ ಹಿಂದಿನ ಬಾಯಿಗೆ ಹಾಕಿದೆವು. ಉರುಳೆ ತಿರುಗಿತು, ಹಾಳೆ ಕದಲಲಿಲ್ಲ. ರಬ್ಬರಿನ ಮೇಲೆ ಧೂಳು ಕೂತು ನುಣ್ಣಗಾಗಿತ್ತು. ಭಾರದ ಹಾಳೆಗೆ ಹಿಡಿತ ಹೆಚ್ಚು ಬೇಕು, ನುಣುಪು ರಬ್ಬರ್ ಜಾರುತ್ತದೆ. ಎಳೆ ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಉರುಳೆಯನ್ನು ತಿರುಗಿಸುತ್ತ ಒರೆಸಿದೆವು. ಬಟ್ಟೆ ಕರಿಯಾಯಿತು. ಆರಲು ಬಿಟ್ಟು ಮತ್ತೆ ಹಾಕಿದಾಗ ಹಾಳೆ ಹೊರಟಿತು. ಖುಷಿಯಾಗುವಷ್ಟರಲ್ಲಿ ಕರ್ ಎಂಬ ಸದ್ದು. ಮೇಲೆದ್ದಿದ್ದ ಹಾಳೆಯ ಮೂಲೆ ಇಂಕಿನ ತಲೆಗೆ ತಗುಲಿ, ಅಕ್ಷರಗಳ ಮೇಲೆ ಕರಿ ಗೆರೆ ಎಳೆದಿತ್ತು.

ಉಳಿದದ್ದು ಎರಡು. ಗಂಟೆ ಒಂಬತ್ತೂವರೆ. ಹಾಳೆ ಮುಗಿಯುವುದಷ್ಟೇ ಭಯವಲ್ಲ. ಇಂಕಿನ ತಲೆ ಕೆಟ್ಟರೆ ರಿಪೇರಿಗೆ ಹಾಕುವ ದುಡ್ಡು ನಮ್ಮಲ್ಲಿರಲಿಲ್ಲ, ಕಂತು ಇನ್ನೂ ಮುಗಿದಿರಲಿಲ್ಲ. ಬೇಡ, ಸಾದಾ ಹಾಳೆಯಲ್ಲಿ ತೆಗೆದು ರಟ್ಟಿಗೆ ಅಂಟಿಸಿ ಕೊಡೋಣ ಎಂದು ಒಬ್ಬರು. ಇನ್ನೊಂದೇ ಸಲ ಎಂದು ಇನ್ನೊಬ್ಬರು. ಕೊನೆಗೆ ಅರ್ಧ ಗಂಟೆ ಯಂತ್ರಕ್ಕೆ ಕೈ ಹಚ್ಚುವುದಿಲ್ಲ ಎಂದು ಒಪ್ಪಿಕೊಂಡೆವು.

ನಮ್ಮದು ತಗಡಿನ ಮನೆ. ಬೇಸಿಗೆ ಕಾವಿಗೆ ಅಲಮಾರಿ ಮೇಲಿನ ಹಾಳೆ ಒಣಗಿ ಹಪ್ಪಳದಂತೆ ಬಾಗಿತ್ತು. ಮಳೆಗಾಲದಲ್ಲಿ ತಂಪು ಹಿಡಿದೂ ಕಾಗದ ಹೀಗೇ ಬಾಗುತ್ತದೆ. ಬಾಗಿದ್ದಕ್ಕೆ ವಿರುದ್ಧವಾಗಿ ಮೆಲ್ಲಗೆ ಒತ್ತಿ, ದಪ್ಪ ನಿಘಂಟಿನ ಕೆಳಗೆ ಇಟ್ಟೆವು. ಅಷ್ಟರಲ್ಲಿ ಕಂಪ್ಯೂಟರಿನ ಪ್ರಿಂಟ್ ಸೆಟ್ಟಿಂಗ್ ತೆರೆದೆವು. ಕಾಗದದ ಬಗೆ ಎಂಬಲ್ಲಿ ಸಾದಾ ಎಂದಿತ್ತು. ಅದನ್ನು ದಪ್ಪ ಮ್ಯಾಟ್ ಕಾಗದ ಎಂದು ಬದಲಿಸಿದೆವು, ಕಾಗದ ಬರುವುದು ಹಿಂದಿನಿಂದ ಎಂದು ಗುರುತು ಹಾಕಿದೆವು. ದಪ್ಪ ಎಂದು ತಿಳಿಸಿದರೆ ಎಷ್ಟೋ ಯಂತ್ರಗಳು ಇಂಕಿನ ತಲೆಯನ್ನು ಹಾಳೆಯಿಂದ ತುಸು ಮೇಲೆ ಇಟ್ಟುಕೊಳ್ಳುತ್ತವೆ, ನಿಧಾನವಾಗಿ ಎಳೆಯುತ್ತವೆ. ಒಂದು ಅರ್ಜಿ ಹಾಳೆಯಲ್ಲಿ ಪರೀಕ್ಷೆಗೆ ತೆಗೆದು ನೋಡಿದೆವು. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು.

ನಾಲ್ಕನೇ ಹಾಳೆ. ಪಕ್ಕದ ಪಟ್ಟಿಗಳನ್ನು ಹಾಳೆಗೆ ತಾಗುವಷ್ಟೇ ಸರಿಸಿದೆವು. ಬಿಗಿ ಮಾಡಿದರೆ ಹಾಳೆ ಉಬ್ಬುತ್ತದೆ, ಸಡಿಲ ಬಿಟ್ಟರೆ ಸೊಟ್ಟ ಹೋಗುತ್ತದೆ. ಹಿಂದೆ ವಾಲದಂತೆ ಒಬ್ಬರು ಅಂಗೈಯಲ್ಲಿ ಆಸರೆ ಕೊಟ್ಟೆವು. ತಳ್ಳಲಿಲ್ಲ, ಹಿಡಿಯಲೂ ಇಲ್ಲ. ಇನ್ನೊಬ್ಬರು ಬಟನ್ ಒತ್ತಿದೆವು.

ಹಾಳೆ ನಿಧಾನ ಇಳಿಯಿತು. ಮೊದಲು ಶಾಲೆಯ ಹೆಸರು, ಆಮೇಲೆ ಮಕ್ಕಳ ಸಾಲುಗಳು ಒಂದೊಂದಾಗಿ ಹೊರಬಂದವು. "ತತ್ತಿ ಸುಲಿಯಲು ಬಾರದವರಿಗೆ ಸುಲಿದು ಕೊಟ್ಟಿರಿ." "ಜ್ವರ ಬಂದು ಮನೆಯಲ್ಲಿದ್ದಾಗ ಯಾಕೆ ಬರಲಿಲ್ಲ ಎಂದು ಕೇಳಿ ಕಳಿಸಿದಿರಿ." ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಆ ಧೈರ್ಯದಲ್ಲಿ ಐದನೆಯದನ್ನೂ ತೆಗೆದು ಶಾಲೆಯ ಗೋಡೆಗೆಂದು ಇಟ್ಟೆವು. ಇಂಕು ಒರೆಸಿ ಹೋಗದಿರಲಿ ಎಂದು ರಾತ್ರಿಯಿಡೀ ಮಂಚದ ಮೇಲೆ ಆರಲು ಬಿಟ್ಟು ನಾವು ಕೆಳಗೆ ಮಲಗಿದೆವು.

ನಿಮ್ಮಲ್ಲಿ ಲೇಸರ್ ಪ್ರಿಂಟರ್ ಇದ್ದರೂ ಇದೇ ದಾರಿ. ಒಂದೊಂದೇ ಹಾಳೆ ಹಾಕುವ ಬಾಯಿ ಬಳಸಿ. ಹಿಂದಿನ ಬಾಗಿಲು ತೆರೆದು ಹಾಳೆ ನೇರ ಹೊರಬರುವ ಅನುಕೂಲವಿದ್ದರೆ ಅದನ್ನು ತೆರೆಯಿರಿ. ಸಿಕ್ಕಿದರೆ ತಕ್ಷಣ ಕೈ ಹಾಕಬೇಡಿ, ಒಳಗಿನ ಉರುಳೆ ಸುಡುತ್ತದೆ. ಇಂಕ್ ಪ್ರಿಂಟರಿನ ಹೊಳೆಯುವ ಫೋಟೊ ಹಾಳೆಯನ್ನು ಲೇಸರಿಗೆ ಹಾಕಲೇಬೇಡಿ, ಅದರ ಲೇಪ ಕರಗಿ ಉರುಳೆಗೆ ಅಂಟುತ್ತದೆ. ಎಲ್ಲಕ್ಕಿಂತ ಮೊದಲು ನಿಮ್ಮ ಯಂತ್ರದ ಪುಸ್ತಕದಲ್ಲಿ ಎಷ್ಟು ಜಿಎಸ್‌ಎಂ ತನಕ ನಡೆಯುತ್ತದೆ ಎಂದು ನೋಡಿ. ಅದಕ್ಕಿಂತ ದಪ್ಪದ್ದಾದರೆ ಅಂಗಡಿಗೇ ಹೋಗಿ, ಇಲ್ಲವೆ ರಟ್ಟಿಗೆ ಅಂಟಿಸಿ. ಅದರಲ್ಲಿ ನಾಚಿಕೆ ಏನಿಲ್ಲ.

ಮರುದಿನ ಶಾಲೆ ಅಂಗಳದಲ್ಲಿ ಬೇವಿನ ನೆರಳಿಗೆ ಎರಡು ಬೆಂಚು ಹಾಕಿದ್ದರು. ಶಾಲು ಹೊದಿಸಿ, ಹಣ್ಣು ಕೊಟ್ಟು, ಬಿನ್ನವತ್ತಳೆ ಕೈಗಿಟ್ಟರು. ಅವ್ವನಿಗೆ ಓದಲು ಬಾರದು. ಹಾಳೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಹಿಂದೆ ಮುಂದೆ ತಿರುವಿದಳು.

"ಗಟ್ಟಿ ಐತಿ ನೋಡು. ಬಾಳಿಕಿ ಬರತೈತಿ" ಎಂದಳು.

ಆಮೇಲೆ ಆರನೇ ಕ್ಲಾಸಿನ ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದಳು. ತತ್ತಿಯ ಸಾಲು ಬಂದಾಗ ಸೆರಗು ಮುಖಕ್ಕೆ ಹೋಯಿತು.

ನಾವು ಕಳಿಸಿದ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅಷ್ಟಾದರೂ ಬಂತು. ಹಿಂದಿನ ಬಾಯಿಯ ಮೇಲೆ ಈಗ ಪೇಪರ್ ಕಟ್ಟು ಇಡುವುದಿಲ್ಲ. ದಪ್ಪ ಹಾಳೆಗಳು ಪ್ಲಾಸ್ಟಿಕ್ ಕವರಿನಲ್ಲಿ, ನಿಘಂಟಿನ ಕೆಳಗೆ ಸಪಾಟಾಗಿ ಮಲಗಿವೆ.