ಕನ್ನಡ ಅಂಕಿಯ ಗಡಿಯಾರ

ಬೆಳಗಿನ ಹೊತ್ತು ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಹೊಕ್ಕವರಿಗೆ ಹೊತ್ತು ತಿಳಿಯಲು ಗಡಿಯಾರವೇ ಬೇಕಿಲ್ಲ. ಮಲ್ಲಿಗೆಯ ಮೊಗ್ಗು ಎಷ್ಟು ಬಿರಿದಿದೆ ಎಂಬುದನ್ನು ಕಂಡರೆ ಸಾಕು. ಆದರೂ ದೇವರಾಜ ಮೊಹಲ್ಲಾದಲ್ಲಿ ದಾರಿ ಕೇಳಿದವರಿಗೆ ದೊರೆಯುವ ಗುರುತು ಗಡಿಯಾರದ್ದೇ.

ಮಾರುಕಟ್ಟೆಯ ಮಗ್ಗುಲಿನ ಚಿಕ್ಕ ಗಡಿಯಾರವು ವೈಸ್‌ರಾಯ್ ಡಫರಿನ್ ಪ್ರಭುವಿನ ಭೇಟಿಯ ನೆನಪಿಗೆ 1886ರಲ್ಲಿ ಎದ್ದುದು. ಪ್ರಭು ಬಂದು ಹೋದ. ಜನರ ಬಾಯಲ್ಲಿ ಅವನ ಹೆಸರು ಉಳಿಯಲಿಲ್ಲ, ಗಡಿಯಾರದ ಗಾತ್ರವಷ್ಟೇ ಉಳಿಯಿತು! ಅಲ್ಲಿಂದ ಪೂರ್ವಕ್ಕೆ ತುಸು ನಡೆದರೆ, ಪುರಭವನದ ಸಮೀಪ, ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು 1927ರಲ್ಲಿ ಸಲ್ಲಿಸಿದ ಕಾಣಿಕೆ ಇದು. ಎತ್ತರ 75 ಅಡಿ.

ಆದರೆ ಇದರ ವೈಶಿಷ್ಟ್ಯವಿರುವುದು ಎತ್ತರದಲ್ಲಲ್ಲ, ಮುಖದಲ್ಲಿ. ರೋಮನ್ ಅಂಕಿಗಳೇ ಗಡಿಯಾರಕ್ಕೆ ಸಹಜವೆಂದು ಬಗೆದಿದ್ದ ಕಾಲದಲ್ಲಿ ಇಲ್ಲಿ ೧ರಿಂದ ೧೨ರವರೆಗೆ ಕನ್ನಡ ಅಂಕಿಗಳನ್ನೇ ಕೂಡಿಸಿದರು. ಕನ್ನಡದ ೬ಕ್ಕೂ ೯ಕ್ಕೂ ರೂಪದಲ್ಲಿ ಅಂತರ ಬಲು ಕಡಿಮೆ; ಪುಸ್ತಕದಲ್ಲಿ ತಡವರಿಸುವ ಮಗುವೂ ಇಲ್ಲಿ ತಪ್ಪುವುದಿಲ್ಲ, ಒಂದು ಕೆಳಗೆ, ಇನ್ನೊಂದು ಎಡಕ್ಕೆ. ಕನ್ನಡ ಅಂಕಿಯನ್ನು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹಲಗೆ ಊರಿನಲ್ಲಿ ಬೇರೆ ಇರಲಾರದು.

ಈ ಮುಖವನ್ನು ಉಳಿಸಿಕೊಳ್ಳುವುದಕ್ಕೆ ನಗರವು ಒಂದು ಬೆಲೆಯನ್ನೂ ತೆತ್ತಿದೆ. ಗಂಟೆಯ ಕಂಪನದಿಂದ ಗೋಪುರದಲ್ಲಿ ಬಿರುಕು ಮೂಡಿತೆಂದು ಅದನ್ನು ಬಾರಿಸುವುದನ್ನೇ ನಿಲ್ಲಿಸಲಾಯಿತು. ಇದು ಅತಿಯಾದ ಎಚ್ಚರವೆಂದು ಯಾರೂ ಹೇಳಲಾರರು. ಚಿಕ್ಕ ಗಡಿಯಾರದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರ ಭಾಗವೇ ಬಿತ್ತು. ಹಳೆಯ ಗಾರೆಗೆ ಗಂಟೆಯ ಪೆಟ್ಟೂ ಒಂದು ಪೆಟ್ಟೇ.

ಮನೆಗಳ ನಡುಮನೆಯಲ್ಲಿ ತೂಗುವ ಅಜ್ಜನ ಕಾಲದ ಗಡಿಯಾರಕ್ಕೂ ಇಂಥದೇ ಜತನ ಬೇಕು. ಮುಖದ ಮೇಲಿನ ಹೆಸರನ್ನು ನೋಡಿ ತಯಾರಕನಾರೆಂದು ನಿರ್ಧರಿಸುವುದು ಅವಸರ. ಅದು ಎಷ್ಟೋ ವೇಳೆ ಮಾರಿದ ಅಂಗಡಿಯ ಹೆಸರು. ಒಳಗಿನ ಹಿತ್ತಾಳೆಯ ತಗಡನ್ನು ನೋಡಬೇಕು. ಬಿಳಿಯ ಎನಾಮಲ್ ಮುಖವೆಂದರೆ ತಾಮ್ರದ ಮೇಲೆ ಕುಲುಮೆಯಲ್ಲಿ ಕರಗಿಸಿ ಹಿಡಿಸಿದ ಗಾಜು. ಕೂದಲೆಳೆಯ ಸೀಳಿನೊಳಗೆ ನೀರು ಇಳಿಯಗೊಡಬಾರದು. ತಗಡಿನ ಮೇಲೆ ಅಂಟಿಸಿದ ಕಾಗದದ ಮುಖವಾದರಂತೂ ಹಬ್ಬದ ಹಿಂದಿನ ದಿನದ ಒದ್ದೆ ಬಟ್ಟೆಯೇ ಅದಕ್ಕೆ ಶತ್ರು: ಒಂದು ಸಲ ಒರೆಸಿದರೆ ಧೂಳಿನೊಡನೆ ಅಂಕಿಯೂ ಹೋದೀತು. ಮೆತ್ತನೆಯ ಒಣ ಕುಂಚ ಸಾಕು. ಮಾಸಿದ ಅಂಕಿಯ ಮೇಲೆ ಹೊಸ ಬಣ್ಣ ಬಳಿಸುವವರು ಹಳೆಯ ಕೈಬರಹವನ್ನು ಕೊಂದಂತೆ. ದುರಸ್ತಿ ಮಾಡಿಸಿದಾಗ ತಾರೀಖನ್ನೂ ರಿಪೇರಿಯವನ ಹೆಸರನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮಗ್ಗುಲಲ್ಲಿ, ಲೋಲಕಕ್ಕೆ ತಾಕದಂತೆ, ಸಿಕ್ಕಿಸಿಟ್ಟರಾಯಿತು.