ಟ್ಯಾಲಿ ಆಗದ ಖಾತೆ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮುಂಚಿನ ಕಾಲದಲ್ಲಿ ಲೆಡ್ಜರಿನಲ್ಲಿ ಐದು ಪೈಸೆ ತಾಳೆಯಾಗದಿದ್ದರೂ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿದ್ದೆವು. ನಿವೃತ್ತನಾಗಿ ಅಕ್ಕಿಆಲೂರಿನ ಮನೆ ಸೇರಿ ಹದಿನಾಲ್ಕು ವರ್ಷವಾದರೂ ಆ ಚಟ ಹೋಗಿಲ್ಲ. ಹಾಲಿನ ಲೆಕ್ಕಕ್ಕೂ ಕೆಂಪು ಗೆರೆ ಎಳೆದ ನೋಟ್‌ಬುಕ್ಕೇ ಬೇಕು.

ಕಳೆದ ವರ್ಷ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ದಿನಾ ಅರ್ಧ ತಾಸು ನಡೆಯಿರಿ ಎಂದರು ಡಾಕ್ಟರು. ಊರಿನಲ್ಲಿದ್ದರೆ ಕೆರೆ ಕಡೆಗೆ ಹೋಗಿ ಬರುತ್ತಿದ್ದೆ. ಆದರೆ ಆ ಮಳೆಗಾಲ ನಾವಿಬ್ಬರೂ ಬೆಂಗಳೂರಿನ ಮಗನ ಮನೆಯಲ್ಲಿದ್ದೆವು. ಅವರ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಜಿಮ್ ಇದೆ. ಆರನೇ ಇಯತ್ತೆಯ ಮೊಮ್ಮಗಳೇ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದಳು.

ಅಲ್ಲಿ ಮೂರು ಯಂತ್ರ. ನಿಂತಲ್ಲೇ ನಡೆಯುವ ಟ್ರೆಡ್‌ಮಿಲ್, ಕೂತಲ್ಲೇ ತುಳಿಯುವ ಸೈಕಲ್, ಪೆಡಲಿನ ಮೇಲೆ ನಿಂತು ಕೈಕಾಲು ಎರಡನ್ನೂ ಆಡಿಸುವ ಎಲಿಪ್ಟಿಕಲ್. ಮೂರಕ್ಕೂ ಮುಂದೆ ಒಂದು ಪರದೆ, ಅದರಲ್ಲಿ ಎಷ್ಟು ಕ್ಯಾಲೊರಿ ಖರ್ಚಾಯಿತು ಎಂಬ ಅಂಕಿ. ಅಂಕಿ ಕಂಡ ಮೇಲೆ ನನ್ನ ಕೈ ಸುಮ್ಮನಿದ್ದೀತೇ? ಅಂದೇ ಒಂದು ನೋಟ್‌ಬುಕ್ ಕೊಂಡೆ. ಎಡಕ್ಕೆ ಜಮಾ, ಅಂದರೆ ತಿಂದದ್ದು. ಬಲಕ್ಕೆ ಖರ್ಚು. ಬರೆಯುವ ಕೆಲಸ ಮೊಮ್ಮಗಳದು. ಇಬ್ಬರಿಗೂ ಬಹಳ ಖುಷಿ.

ಇಪ್ಪತ್ತು ನಿಮಿಷಕ್ಕೆ ಟ್ರೆಡ್‌ಮಿಲ್ 71 ತೋರಿಸಿತು. ಸೈಕಲ್ 94. ಎಲಿಪ್ಟಿಕಲ್ ಮಾತ್ರ 165! ನನಗೆ ಬಂದ ದಣಿವು ಸೈಕಲ್ಲಿನಷ್ಟೇ. ಖಾತೆಯಲ್ಲಿ ಎಲ್ಲೋ ತಪ್ಪಿದೆ ಅನಿಸಿತು.

ಮಗ ಒಂದು ಪಟ್ಟಿ ತೆಗೆದುಕೊಟ್ಟ. ಅಮೆರಿಕದ ತಜ್ಞರು 1993ರಲ್ಲಿ ಮೊದಲು ಪ್ರಕಟಿಸಿ, ಆಗಾಗ ತಿದ್ದುತ್ತಾ ಬಂದಿರುವ ಪಟ್ಟಿ ಅದು. ಲೆಕ್ಕ ಸರಳ. ಸುಮ್ಮನೆ ಕೂತ ಮನುಷ್ಯ ಒಂದು ತಾಸಿಗೆ, ತನ್ನ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು ಮಾಡುತ್ತಾನೆ. ತಾಸಿಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ ಅದರ ಮೂರೂವರೆ ಪಟ್ಟು. ಹಗುರಾಗಿ ಸೈಕಲ್ ತುಳಿದರೆ ಐದಕ್ಕೆ ಸ್ವಲ್ಪ ಕಡಿಮೆ. ಎಲಿಪ್ಟಿಕಲ್ ಸಾಧಾರಣ ಗತಿಯಲ್ಲಿ ಐದು ಪಟ್ಟು. ಮೆಟ್ಟಿಲು ಹತ್ತುವ ಯಂತ್ರ ಒಂಬತ್ತು ಪಟ್ಟು. ನನ್ನ ತೂಕ 60 ಕಿಲೋ. ಎಲಿಪ್ಟಿಕಲ್ ಇಪ್ಪತ್ತು ನಿಮಿಷಕ್ಕೆ 100 ತೋರಿಸಬೇಕಿತ್ತು. ಉಳಿದ 65 ಯಂತ್ರದ ಧಾರಾಳತನ!

ಹೀಗಾಗಲು ಕಾರಣಗಳಿವೆ. ನಾವು ತೂಕ ಒತ್ತದಿದ್ದರೆ ಯಂತ್ರ ತನ್ನೊಳಗೆ ಮೊದಲೇ ತುಂಬಿದ ತೂಕವನ್ನೇ ಹಿಡಿಯುತ್ತದೆ. ಮುಂದಿನ ಕಂಬಿಗೆ ಭಾರ ಬಿಟ್ಟು ನಡೆದರೆ ಶ್ರಮ ಕಡಿಮೆಯಾಗುತ್ತದೆ, ಆದರೆ ಅದು ಯಂತ್ರಕ್ಕೆ ತಿಳಿಯುವುದಿಲ್ಲ. ಹಾಗೆಂದು ನಮ್ಮ ವಯಸ್ಸಿನವರು ಕಂಬಿ ಬಿಡಬಾರದು. ಅಂಕಿ ತಪ್ಪಿದರೆ ತಪ್ಪಲಿ, ಕಾಲು ತಪ್ಪಬಾರದು.

ಮಕ್ಕಳೇ, ಈ ಟ್ರೆಡ್‌ಮಿಲ್‌ನ ಪೂರ್ವಜ ಜೈಲಿನಲ್ಲಿತ್ತು ಗೊತ್ತೇ? 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಕೈದಿಗಳಿಗಾಗಿ ದೊಡ್ಡ ಮೆಟ್ಟಿಲು ಚಕ್ರ ಮಾಡಿದ. ಅದನ್ನು ತುಳಿದು ಕೆಲವೆಡೆ ಕಾಳು ಬೀಸುತ್ತಿದ್ದರು. ಇದನ್ನು ಹೇಳಿದಾಗ ಮೊಮ್ಮಗಳು, “ನಾವು ದುಡ್ಡು ಕೊಟ್ಟು ಶಿಕ್ಷೆ ತಗೋತೀವಾ ಅಜ್ಜಾ?” ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಅದೇ ವಾರ ಅವಳ ತಾಟಿನಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿದ್ದನ್ನು ನಾನು ನೋಡಲಿಲ್ಲ. ಒಂದು ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆ ಸುತ್ತಿ ಕೂತಳಂತೆ. ಶಾಲೆಯಿಂದ ಫೋನ್ ಬಂತು. ಸೊಸೆ ಹೋಗಿ ಕರೆತಂದಳು. ಸಂಜೆ ನಮ್ಮ ನೋಟ್‌ಬುಕ್ ತಿರುವಿದೆ. ಕೊನೆಯ ಪುಟಗಳಲ್ಲಿ ನಾನು ಹಾಕದ ಕೆಂಪು ಗೆರೆ, ಅವಳ ದುಂಡು ಅಕ್ಷರ. ಅವಳದೇ ಬೇರೆ ಖಾತೆ! ಜಮಾ: ರೊಟ್ಟಿ ಅರ್ಧ. ಖರ್ಚು: ಸೈಕಲ್ 90.

“ಯಾಕವ್ವಾ ಹಿಂಗ ಮಾಡಿದಿ?” ಅಂದೆ.

“ಒಂದು ರೊಟ್ಟಿಗೆ 140 ಅಂತ ನೀನೇ ಬರೆಸಿದ್ದೆ ಅಜ್ಜಾ. ನಾನು ಖರ್ಚು ಮಾಡಿದ್ದು 90. ಟ್ಯಾಲಿ ಆಗ್ಬೇಕಲ್ಲ?” ಅಂದಳು. ಆಮೇಲೆ ಮೆಲ್ಲಗೆ, ಕ್ಲಾಸಿನಲ್ಲಿ ಯಾರೋ ಡುಮ್ಮಿ ಅಂದದ್ದನ್ನೂ ಹೇಳಿದಳು.

ಗೆರೆ ಎಳೆಯುವುದನ್ನು ಕಲಿಸಿದವನು ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮಂದಿಯ ಖಾತೆ ತಿದ್ದಿದವನು ಮನೆಯ ಖಾತೆಯಲ್ಲೇ ದೊಡ್ಡ ತಪ್ಪು ಮಾಡಿದ್ದೆ.

ಮರುದಿನ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. “ಇಲ್ಲಿ ಒಂದು ಖರ್ಚು ಬರಿಯೂದು ಬಿಟ್ಟೀವಿ ನೋಡು” ಎಂದು ಹೊಸ ಪುಟ ತೆರೆದೆ. ನಾನು ಏನೂ ಮಾಡದೆ ಕೂತರೂ ನನ್ನ ಹೃದಯ, ಶ್ವಾಸಕೋಶ, ಮಿದುಳಿಗೆ ದಿನಕ್ಕೆ ಸ್ಥೂಲವಾಗಿ 1,400 ಕ್ಯಾಲೊರಿ ಬೇಕು. ಅಂಗಡಿ ಬಾಗಿಲು ಮುಚ್ಚಿದ್ದರೂ ಬಾಡಿಗೆ ಕೊಡಬೇಕಲ್ಲ, ಹಾಗೆ. ಪರದೆಯ ಅಂಕಿ ಈ ದೊಡ್ಡ ಖರ್ಚನ್ನು ತೋರಿಸುವುದೇ ಇಲ್ಲ. ಮಕ್ಕಳಿಗೋ ಇದರ ಜೊತೆ ಎಲುಬು ಬೆಳೆಯಬೇಕು, ಎತ್ತರ ಆಗಬೇಕು. ಹತ್ತರಿಂದ ಹನ್ನೆರಡು ವಯಸ್ಸಿನ ಹುಡುಗಿಗೆ ದಿನಕ್ಕೆ 2,000ಕ್ಕೂ ಹೆಚ್ಚು ಕ್ಯಾಲೊರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ ಹೇಳುತ್ತದೆ. “ಬೆಳೆಯೋ ಖಾತೆ ಟ್ಯಾಲಿ ಆಗಬಾರದವ್ವಾ, ಜಮಾ ಜಾಸ್ತಿನ ಇರಬೇಕು” ಅಂದೆ. ಅವಳು ಎಲ್ಲವನ್ನೂ ಒಮ್ಮೆಗೇ ನಂಬಲಿಲ್ಲ. ಡಾಕ್ಟರೂ ಅದನ್ನೇ ಹೇಳಿದ ಮೇಲೆ, ನಿಧಾನವಾಗಿ ತಾಟು ಖಾಲಿಯಾಗತೊಡಗಿತು. ಡುಮ್ಮಿ ಅಂದವರ ವಿಷಯವನ್ನು ಸೊಸೆ ಶಾಲೆಯಲ್ಲಿ ಮಾತಾಡಿದಳು.

ಬೇಸಿಗೆ ರಜೆಗೆ ಅಕ್ಕಿಆಲೂರಿಗೆ ಬಂದಳು. ನನ್ನ ಹಳೆಯ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯುತ್ತಾ ಕೆರೆಯವರೆಗೂ ಹೋಗಿ ಬರುತ್ತಿದ್ದಳು, ಹಿಂದೆ ನಾನು ನಡೆಯುತ್ತಿದ್ದೆ. ಮಕ್ಕಳಿಗೆ ದಿನಕ್ಕೆ ಒಂದು ತಾಸು ಆಟ, ದೊಡ್ಡವರಿಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಿಬ್ಬರದೂ ಅಷ್ಟಾಗುತ್ತಿತ್ತು. ಮನೆಗೆ ಬಂದರೆ ಅವಳಜ್ಜಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟು ಕಾಯುತ್ತಿದ್ದಳು.

ಒಂದು ದಿನ ಎರಡನೇ ರೊಟ್ಟಿಗೆ ಕೈಚಾಚಿ ನನ್ನ ಮುಖ ನೋಡಿದಳು. ನಾನು ತಾಟಿನ ಕಡೆ ನೋಡಲಿಲ್ಲ, ಬೆಣ್ಣೆಯ ಬಟ್ಟಲು ಮುಂದಕ್ಕೆ ಸರಿಸಿದೆ.