ಸೆಂಟ್ರಿಂಗ್ ಬಿಚ್ಚುವ ದಿನ

ನಮ್ಮ ಮನೆಯ ಹಿತ್ತಲಲ್ಲಿ ಹೂಗಿಡಗಳಿರಲಿಲ್ಲ. ಕಬ್ಬಿಣದ ಶೀಟುಗಳು, ಸರ್ವೆ ಮರದ ಗಳಗಳು, ಸಿಮೆಂಟು ಮೆತ್ತಿದ ಹಲಗೆಗಳು, ಹಳೆಯ ಮೊಳೆ ತುಂಬಿದ ಒಂದು ಡಾಲ್ಡಾ ಡಬ್ಬ, ಇವಿದ್ದವು. ಭಾನುವಾರ ಬಂತೆಂದರೆ ನಾವು ಮೂವರು ಮಕ್ಕಳು ಕೂತು ಆ ಹಲಗೆಗಳಿಂದ ಮೊಳೆ ಕಿತ್ತು, ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕಬೇಕಿತ್ತು. ತುಮಕೂರಿನ ನಮ್ಮ ಮೊಹಲ್ಲಾದಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ಸೆಂಟ್ರಿಂಗ್ ಸಾಬರ ಮಕ್ಕಳು’ ಎಂದರೆ ಅಂಚೆಯವನಿಗೂ ಗೊತ್ತಾಗುತ್ತಿತ್ತು.

ಸೆಂಟ್ರಿಂಗ್ ಎಂದರೇನೆಂದು ಮನೆ ಕಟ್ಟಿಸುವವರಿಗೆಲ್ಲ ಗೊತ್ತು. ಮನೆ ಕಟ್ಟಿಸಿಯಾದ ಮೇಲೆ ಅದನ್ನು ನೆನೆಯುವವರು ಯಾರೂ ಇಲ್ಲ. ಕಾಂಕ್ರೀಟು ಕಲಸಿದಾಗ ಅಂಬಲಿಯ ಹಾಗಿರುತ್ತದೆ. ಅದಕ್ಕೆ ಆಕಾರವೂ ಇಲ್ಲ, ಬಲವೂ ಇಲ್ಲ. ಕಂಬ ಬೇಕಾದರೆ ಕಂಬದಷ್ಟೇ ಪೆಟ್ಟಿಗೆ ಕಟ್ಟಬೇಕು, ತೊಲೆ ಬೇಕಾದರೆ ತೊಲೆಯಷ್ಟೇ ತೊಟ್ಟಿ. ತಾರಸಿಗಾದರೆ ಗೋಡೆಯಿಂದ ಗೋಡೆಗೆ ಶೀಟು ಹಾಸಿ, ಕೆಳಗೆ ಎರಡು ಮೂರು ಅಡಿಗೊಂದರಂತೆ ಗಳವನ್ನೋ ಜಾಕಿಯನ್ನೋ ನಿಲ್ಲಿಸಿ, ಬೆಣೆ ಹೊಡೆದು, ನೀರು ತುಂಬಿದ ಪೈಪಿನಿಂದ ಮಟ್ಟ ನೋಡಬೇಕು. ಶೀಟಿಗೆ ಕಾಂಕ್ರೀಟು ಅಂಟದಂತೆ ಗ್ಯಾರೇಜಿನ ಹಳೆಯ ಆಯಿಲ್ ಸವರಬೇಕು. ಅಬ್ಬಾರ ಅಂಗಿಗಳಿಗೆ ಸದಾ ಅದೇ ವಾಸನೆ.

ಆ ಶೀಟಿನ ಮೇಲೆ ಬರುವ ಭಾರ ಎಷ್ಟೆಂದು ನಾವು ದೊಡ್ಡವರಾದ ಮೇಲೆ ಲೆಕ್ಕ ಹಾಕಿ ನೋಡಿದೆವು. ಸಾವಿರ ಚದರಡಿಯ ಮನೆಗೆ ಐದು ಅಂಗುಲ ದಪ್ಪದ ತಾರಸಿ ಹಾಕಿದರೆ ಕಾಂಕ್ರೀಟು, ಕಂಬಿ ಸೇರಿ ಸುಮಾರು 29 ಟನ್. ಅದರ ಮೇಲೆ ಬಾಂಡ್ಲಿ ಹೊತ್ತು ಓಡಾಡುವ ಇಪ್ಪತ್ತು ಮೂವತ್ತು ಜನ. ಮೋಲ್ಡ್ ಹಾಕುವ ದಿನ ಮಾಲೀಕರ ಮನೆಯಲ್ಲಿ ಹಬ್ಬ. ಗಾರೆಯವರಿಗೂ ಕೂಲಿಯವರಿಗೂ ಊಟ ಹಾಕುತ್ತಾರೆ. ಎಲ್ಲರೂ ಮೇಲೆ ನೋಡುತ್ತಿರುತ್ತಾರೆ. ಅಬ್ಬಾ ಮಾತ್ರ ಕೆಳಗೆ, ಕತ್ತಲಲ್ಲಿ, ಜಾಕಿಗಳ ನಡುವೆ ಬಗ್ಗಿ ನಡೆಯುತ್ತಿರುತ್ತಿದ್ದರು. ಯಾವ ಬೆಣೆ ಸಡಿಲವಾಯಿತು, ಯಾವ ಗಳ ಬಾಗಿತು ಎಂದು ಕೈಯಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಹಿಂದೆ ಕಲ್ಲಿನ ಕಮಾನು ಕಟ್ಟುವಾಗ ನೆತ್ತಿಯ ಕಲ್ಲು ಕೂರುವ ತನಕ ಕೆಳಗೆ ಮರದ ಆಸರೆ ಕೊಡುತ್ತಿದ್ದರು. ಆ ಆಸರೆಗೆ ಇಂಗ್ಲಿಷಿನಲ್ಲಿದ್ದ ಹೆಸರೇ ಸೆಂಟ್ರಿಂಗ್. ಕಮಾನು ಹೋಯಿತು, ಹೆಸರು ನಮ್ಮ ಬೀದಿಗೆ ಬಂತು. ನಮ್ಮ ಉರ್ದು ಶಾಲೆಯ ಉಸ್ತಾದರು ಇದಕ್ಕೆ ‘ಕಾಲಿಬ್’ ಎನ್ನುತ್ತಿದ್ದರು. ಕಾಲಿಬ್ ಎಂದರೆ ಅಚ್ಚು. ದೇಹಕ್ಕೂ ಅದೇ ಮಾತು. ಎರಡು ದೇಹ ಒಂದೇ ಜೀವ ಎಂಬಂಥ ಸ್ನೇಹವನ್ನು ‘ಏಕ್ ಜಾನ್ ದೋ ಕಾಲಿಬ್’ ಎನ್ನುತ್ತೇವೆ. ಅಚ್ಚೂ ದೇಹವೂ ಒಂದೇ ಮಾತಿನಲ್ಲಿ ಸೇರಿಕೊಂಡಿರುವುದು ಏಕೆಂದು ಆಗ ನಮಗೆ ತಿಳಿದಿರಲಿಲ್ಲ.

ಸೆಂಟ್ರಿಂಗ್ ಕಟ್ಟುವುದಕ್ಕಿಂತ ಬಿಚ್ಚುವುದೇ ಕಷ್ಟ ಎಂದು ಅಬ್ಬಾ ಹೇಳುತ್ತಿದ್ದರು. ತಾರಸಿಯ ಜಾಕಿಗಳನ್ನು ನಡುವಿನಿಂದ ಬಿಚ್ಚುತ್ತ ಗೋಡೆಯ ಕಡೆಗೆ ಬರಬೇಕು. ಬಾಲ್ಕನಿಗೆ ಮುಂದೆ ಗೋಡೆಯಿಲ್ಲ, ಅದು ಹಿಂದಿನ ತೊಲೆಯನ್ನು ಹಿಡಿದುಕೊಂಡು ಜೋತಿರುತ್ತದೆ. ಆದ್ದರಿಂದ ಅಲ್ಲಿ ತುದಿಯಿಂದ ಶುರುಮಾಡಿ ಒಳಗೆ ಬರಬೇಕು. ಬಾಲ್ಕನಿಯ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಸುರಿಯುವವರು ತುಳಿದು ಅದು ಕೆಳಗೆ ಹೋದರೆ ಬಾಲ್ಕನಿಗೆ ಹಿಡಿತವೇ ಇಲ್ಲ. ಇದೆಲ್ಲ ಸರಿಯಿದ್ದರೂ ಕಾಂಕ್ರೀಟಿಗೆ ದಿನ ಬೇಕು. ಅದು ಒಣಗಿ ಗಟ್ಟಿಯಾಗುವುದಲ್ಲ. ಸಿಮೆಂಟು ನೀರಿನೊಡನೆ ಕೂಡಿ, ನೀರು ಕುಡಿಯುತ್ತಲೇ ಗಟ್ಟಿಯಾಗುವುದು. ಏಳು ದಿನಕ್ಕೆ ಅದಕ್ಕೆ ಬರುವುದು ಇಪ್ಪತ್ತೆಂಟನೆಯ ದಿನದ ಬಲದ ಸುಮಾರು ಮೂರರಲ್ಲಿ ಎರಡು ಪಾಲು.

ಅದು 1995ರ ರಂಜಾನ್. ಫೆಬ್ರವರಿ ತಿಂಗಳು. ನಾವು ಉರ್ದು ಶಾಲೆಯಲ್ಲಿ ಏಳರ ತನಕ ಓದಿ ಕನ್ನಡ ಹೈಸ್ಕೂಲಿಗೆ ಸೇರಿದ್ದ ವರ್ಷ. ಊರಿನ ಹೊಸ ಬಡಾವಣೆಯೊಂದರಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಕ್ಕೆ ಅಬ್ಬಾರದ್ದು ಸೆಂಟ್ರಿಂಗ್. ಬಾಲ್ಕನಿಗೆ ಹದಿನಾಲ್ಕು ದಿನ ಬಿಡಬೇಕೆಂಬುದು ಅಬ್ಬಾರ ಲೆಕ್ಕ. ಏಳನೆಯ ದಿನವೇ ಕಂಟ್ರಾಕ್ಟರು ಬಂದರು. ಶೀಟು, ಜಾಕಿ ಎಲ್ಲ ಬಾಡಿಗೆಯವು, ದಿನಕ್ಕಿಷ್ಟು ಎಂದು ಬಾಡಿಗೆ ಓಡುತ್ತಿತ್ತು. ಇನ್ನೊಂದು ಕಟ್ಟಡದಲ್ಲಿ ಅವೇ ಶೀಟುಗಳಿಗೆ ಜನ ಕಾಯುತ್ತಿದ್ದರು. ಅಬ್ಬಾರಿಗೂ ಅವರ ಹುಡುಗರಿಗೂ ಮೂರು ವಾರದ ಬಟವಾಡೆ ಬಾಕಿಯಿತ್ತು.

‘ಬಿಚ್ಚಿಕೊಟ್ಟುಬಿಡಿ ಸಾಬ್ರೇ. ಸಂಜೆಗೇ ಲೆಕ್ಕ ಚುಕ್ತಾ ಮಾಡ್ತೀನಿ. ಹಬ್ಬ ಬೇರೆ ಬಂತಲ್ಲ’ ಎಂದರಂತೆ.

ಅಬ್ಬಾ ಮಧ್ಯಾಹ್ನ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಅಮ್ಮಿ ಏನೂ ಹೇಳಲಿಲ್ಲ. ಭಾಯಿಜಾನ್ ಕಾಲೇಜಿನ ಫೀಸು ಕಟ್ಟಬೇಕಿತ್ತು. ನಮಗೆ ಹಬ್ಬಕ್ಕೆ ಹೊಸ ಬಟ್ಟೆ ಬೇಕಿತ್ತು. ನಾವೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಮೂರು ಮುಖಗಳಲ್ಲಿ ಅಬ್ಬಾ ಏನು ಓದಿಕೊಂಡರೆಂದು ನಮಗೆ ಇವತ್ತಿಗೂ ಗೊತ್ತು. ಅಮ್ಮಿಯ ತಮ್ಮ, ನಮ್ಮ ಮಾಮು, ಅಬ್ಬಾರ ಕೈಕೆಳಗೆ ಕೆಲಸ ಕಲಿಯುತ್ತಿದ್ದರು. ಇಪ್ಪತ್ತು ವರ್ಷದ ಹುಡುಗ. ‘ಒಂದು ವಾರ ಆಯ್ತಲ್ಲ ದುಲ್ಹೇಭಾಯಿ, ನಿಲ್ತದೆ’ ಎಂದರು. ಅಬ್ಬಾ ಎದ್ದು ಹೋದರು.

ತುದಿಯಿಂದಲೇ ಶುರುಮಾಡಿದರಂತೆ. ಮೊದಲನೆಯ ಸಾಲು ಬಿಚ್ಚುವಾಗ ಏನೂ ಆಗಲಿಲ್ಲ. ಎರಡನೆಯ ಸಾಲಿನಲ್ಲಿ ಮಾಮು ಒಂದು ಜಾಕಿಯ ತಿರುಪು ಸಡಿಲಿಸಿದ್ದೇ ಮೇಲಿನಿಂದ ಬಟ್ಟೆ ಹರಿದಂಥ ಸದ್ದು ಬಂತು. ಬಾಲ್ಕನಿ ಬುಡದಲ್ಲಿ ಬಿರಿದು ಮುಂದಕ್ಕೆ ವಾಲಿಕೊಂಡಿತು. ಇನ್ನೂ ಬಿಚ್ಚದೆ ಉಳಿದಿದ್ದ ಜಾಕಿಗಳು ಅರ್ಧ ಭಾರ ಹಿಡಿದವು. ಹಾಗಾಗಿ ಮಾಮು ಬದುಕಿದರು. ಮಂಡಿಯ ಕೆಳಗೆ ಬಲಗಾಲು ಜಜ್ಜಿಹೋಗಿತ್ತು. ಆಮೇಲೆ ನೋಡಿದರೆ ಕಂಬಿಗಳು ತುಳಿತಕ್ಕೆ ಕೆಳಗಿಳಿದಿದ್ದವು. ಹದಿನಾಲ್ಕು ದಿನ ಬಿಟ್ಟಿದ್ದರೂ ಆ ಬಾಲ್ಕನಿ ಒಂದಲ್ಲ ಒಂದು ದಿನ ಬೀಳುತ್ತಿತ್ತು ಎಂದು ಕೆಲವರು ಅಬ್ಬಾರಿಗೆ ಸಮಾಧಾನ ಹೇಳಿದರು. ಅಬ್ಬಾ ಆ ಸಮಾಧಾನವನ್ನು ಒಪ್ಪಿಕೊಳ್ಳಲಿಲ್ಲ.

ಬಟವಾಡೆ ಮಾತ್ರ ಅಂದೇ ಸಂಜೆ ಬಂತು. ಹಬ್ಬಕ್ಕೆ ಹೊಸ ಬಟ್ಟೆಯೂ ಬಂತು. ನಾವು ಅದನ್ನು ಹಾಕಿಕೊಂಡು ಈದ್ ನಮಾಜಿನ ನಂತರ ಜಿಲ್ಲಾಸ್ಪತ್ರೆಗೆ ಹೋದೆವು. ಕಾಲು ತೂಗುಹಾಕಿಕೊಂಡು ಮಲಗಿದ್ದ ಮಾಮು ನಮ್ಮ ಅಂಗಿಯ ತೋಳನ್ನು ಬೆರಳಲ್ಲಿ ಹಿಡಿದು ನೋಡಿ, ‘ಒಳ್ಳೇ ಬಟ್ಟೆ, ಬಾಳಿಕೆ ಬರ್ತದೆ’ ಎಂದರು. ನಾವು ಕಥೆ ಬರೆಯಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಆ ಮಾತನ್ನು ಯಾವ ಕಥೆಯಲ್ಲೂ ಬರೆಯಲು ಆಗಿಲ್ಲ.

ಅಂದಿನಿಂದ ಅಬ್ಬಾ ಮೋಲ್ಡ್ ಆದ ದಿನವೇ ಇದ್ದಿಲಿನಿಂದ ಗೋಡೆಯ ಮೇಲೆ ಎರಡು ತಾರೀಕು ಬರೆದಿಡುತ್ತಿದ್ದರು. ಮೇಲೆ ಹಾಕಿದ ದಿನ, ಕೆಳಗೆ ಬಿಚ್ಚುವ ದಿನ. ಮೊದಲು ಉರ್ದು ಅಂಕಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಮಾಲೀಕರಿಗೂ ಕಂಟ್ರಾಕ್ಟರಿಗೂ ಓದಲು ಬರಲಿ ಎಂದು ಕನ್ನಡ ಅಂಕಿ ಬರೆಯಲು ನಮ್ಮಿಂದ ಕಲಿತರು. ಆ ತಾರೀಕಿನ ಮುಂಚೆ ಯಾರು ಬಂದು ಕೇಳಿದರೂ ಗೋಡೆ ತೋರಿಸುತ್ತಿದ್ದರು. ಎಷ್ಟೋ ಕೆಲಸ ಕೈತಪ್ಪಿತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಆಡಿ ತೋರಿಸಲಿಲ್ಲ.

ಅಬ್ಬಾ ಅನುಭವದಿಂದ ಹೇಳುತ್ತಿದ್ದದ್ದನ್ನು ನಾವು ಐ.ಎಸ್. 456 ಎಂಬ ಭಾರತೀಯ ಮಾನಕದ 2000ನೆಯ ಇಸವಿಯ ಆವೃತ್ತಿಯಲ್ಲಿ ಅಚ್ಚಾಗಿ ಕಂಡೆವು. ಕಂಬ, ಗೋಡೆಗಳ ಪಕ್ಕದ ಹಲಗೆ 16ರಿಂದ 24 ಗಂಟೆಗೆ ತೆಗೆಯಬಹುದು. ತಾರಸಿಯ ಅಡಿಯ ಶೀಟು ಮೂರು ದಿನಕ್ಕೆ ತೆಗೆದರೂ ಜಾಕಿಯನ್ನು ಕೂಡಲೇ ಮತ್ತೆ ಕೊಡಬೇಕು. ನಾಲ್ಕೂವರೆ ಮೀಟರ್ ತನಕದ ತಾರಸಿಯ ಜಾಕಿಗೆ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ. ತೊಲೆಯ ಜಾಕಿಗೆ ಆರು ಮೀಟರ್ ತನಕ 14 ದಿನ, ಮೀರಿದರೆ 21 ದಿನ. ಸಾಧಾರಣ ಸಿಮೆಂಟಿಗೆ, ಚಳಿಯಿಲ್ಲದ ಹವೆಗೆ ಈ ಲೆಕ್ಕ. ಹತ್ತು ಸಾಲೂ ಇಲ್ಲದ ಒಂದು ಪಟ್ಟಿ. ಅಬ್ಬಾರಿಗೆ ಓದಿ ಹೇಳಿದೆವು. ‘ಇದನ್ನು ಬರೆದವರೂ ಯಾರನ್ನೋ ಆಸ್ಪತ್ರೆಗೆ ಸಾಗಿಸಿರಬೇಕು’ ಎಂದರು.

ಭಾಯಿಜಾನ್ ಕಾಲೇಜು ಮುಗಿಸಿದರೂ ಕೊನೆಗೆ ಹಿಡಿದದ್ದು ಅಬ್ಬಾರ ಸುತ್ತಿಗೆಯನ್ನೇ. 2005ರಲ್ಲಿ ದುಬೈಗೆ ಹೋದರು. ವೀಸಾದಲ್ಲಿ ಕೆಲಸದ ಹೆಸರು ‘ಶಟರಿಂಗ್ ಕಾರ್ಪೆಂಟರ್’. ಅವರು ದುಡಿದದ್ದು ಬೇರೆ ಕಟ್ಟಡದಲ್ಲಿ. ಆದರೆ ಕ್ಯಾಂಪಿನ ಬಸ್ಸಿನ ಕಿಟಕಿಯಿಂದ ದಿನವೂ ಕಾಣುತ್ತಿದ್ದದ್ದು 2004ರ ಜನವರಿಯಲ್ಲಿ ಕೆಲಸ ಶುರುವಾಗಿದ್ದ ಬುರ್ಜ್ ದುಬೈ. ವಾರದಿಂದ ವಾರಕ್ಕೆ ಅದು ಬೆಳೆಯುವುದು ಕಣ್ಣಿಗೇ ತಿಳಿಯುತ್ತಿತ್ತಂತೆ. 2010ರ ಜನವರಿ 4ರಂದು ಅದರ ಉದ್ಘಾಟನೆಯಾದಾಗ ಹೆಸರು ಬುರ್ಜ್ ಖಲೀಫಾ ಆಯಿತು, ಎತ್ತರ 828 ಮೀಟರ್. ಅದರಲ್ಲಿ ಸುಮಾರು 600 ಮೀಟರಿನ ತನಕ ಕಾಂಕ್ರೀಟು, ಮೇಲಕ್ಕೆ ಉಕ್ಕು.

ಅಷ್ಟು ಎತ್ತರಕ್ಕೆ ಗಳ ನಿಲ್ಲಿಸುವವರು ಯಾರು? ಅಲ್ಲಿನ ಫಾರ್ಮು ತಾನೇ ಮೇಲೇರುತ್ತದೆ. ಒಂದು ಮಹಡಿಯ ಗೋಡೆಗೆ ಕಾಂಕ್ರೀಟು ತುಂಬುವಾಗಲೇ ಅದರಲ್ಲಿ ಕಬ್ಬಿಣದ ಹಿಡಿಗಳನ್ನು ಹೂತಿಡುತ್ತಾರೆ. ಕಾಂಕ್ರೀಟು ಸಾಕಷ್ಟು ಬಲಿತ ಮೇಲೆ ಅಚ್ಚನ್ನು ಗೋಡೆಯಿಂದ ಬಿಡಿಸಿ, ಆ ಹಿಡಿಗಳನ್ನು ಆಧಾರ ಮಾಡಿಕೊಂಡು, ಎಣ್ಣೆಯ ಒತ್ತಡದ ಜಾಕಿಗಳಿಂದ ಕೆಲಸಗಾರರು ನಿಲ್ಲುವ ಅಟ್ಟಣಿಗೆಯ ಸಮೇತ ಮೇಲಕ್ಕೆ ಎತ್ತುತ್ತಾರೆ. ಸುಮಾರು ಮೂರು ದಿನಕ್ಕೊಂದು ಮಹಡಿ. ಬೇಸಿಗೆಯಲ್ಲಿ ಕಾಂಕ್ರೀಟು ಬೇಗ ಬಿಗಿಯದಂತೆ ಮಂಜುಗಡ್ಡೆ ಸೇರಿಸಿ ರಾತ್ರಿ ಹೊತ್ತು ಸುರಿಯುತ್ತಿದ್ದರು. ಭಾಯಿಜಾನ್ ಫೋನಿನಲ್ಲಿ ಇದನ್ನೆಲ್ಲ ಬಣ್ಣಿಸುವಾಗ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: ‘ಮೂರು ದಿನದಲ್ಲಿ ಅದು ಹೇಗೆ ಬಲಿಯುತ್ತದೆ?’ ಬೇಗ ಬಲಿಯುವಂತೆ ಮಿಶ್ರಣ ಮಾಡುತ್ತಾರೆ, ಮಾದರಿ ತೆಗೆದು ಯಂತ್ರದಲ್ಲಿ ಒಡೆದು ನೋಡಿದ ಮೇಲೆಯೇ ಎತ್ತುತ್ತಾರೆ ಎಂದರು ಭಾಯಿಜಾನ್. ‘ನಿನ್ನೆಯದು ಗಟ್ಟಿಯಿಲ್ಲದಿದ್ದರೆ ಇವತ್ತಿನದು ಇಲ್ಲ ಅಬ್ಬಾ.’ ಅಬ್ಬಾರಿಗೆ ಆ ಮಾತು ಹಿಡಿಸಿತು. 2009ರಲ್ಲಿ ದುಬೈನ ಕಟ್ಟಡಗಳು ಅರ್ಧಕ್ಕೆ ನಿಂತಾಗ ಭಾಯಿಜಾನ್ ಊರಿಗೆ ಮರಳಿದರು.

ಈಗ ಮಾಮುವಿನ ಮಗ ಬೆಂಗಳೂರಿನಲ್ಲಿದ್ದಾನೆ. ಡಿಪ್ಲೊಮಾ ಓದಿ, ಎತ್ತರದ ವಸತಿ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ನೋಡಿಕೊಳ್ಳುವ ಎಂಜಿನಿಯರ್. ಕಳೆದ ವರ್ಷ ನಮ್ಮನ್ನು ಕರೆದೊಯ್ದು ತೋರಿಸಿದ. ಅಲ್ಲಿ ಮರವಿಲ್ಲ, ಮೊಳೆಯಿಲ್ಲ. ಎಲ್ಲ ಅಲ್ಯೂಮಿನಿಯಂ. ಯಾವ ಕಂಪನಿಯದಾದರೂ ಕೆಲಸಗಾರರ ಬಾಯಲ್ಲಿ ಅದು ‘ಮೈವಾನ್’, ಅದನ್ನು ಮೊದಲು ಹರಡಿದ ವಿದೇಶಿ ಕಂಪನಿಯ ಹೆಸರು. ಒಬ್ಬರೇ ಎತ್ತುವಷ್ಟು ಹಗುರವಾದ ಹಲಗೆಗಳು, ಪ್ರತಿಯೊಂದಕ್ಕೂ ನಂಬರು. ಪಿನ್ನು ತೂರಿಸಿ ಬೆಣೆ ಬಡಿದರೆ ಜೋಡಣೆ ಮುಗಿಯಿತು. ಗೋಡೆಗೂ ತಾರಸಿಗೂ ಒಟ್ಟಿಗೇ ಕಾಂಕ್ರೀಟು. ಬಿಚ್ಚಿದ ಹಲಗೆಗಳನ್ನು ನೆಲದಲ್ಲಿ ಬಿಟ್ಟ ಕಂಡಿಯ ಮೂಲಕ ಕೈಯಿಂದ ಕೈಗೆ ಮೇಲಿನ ಮಹಡಿಗೆ ದಾಟಿಸುತ್ತಾರೆ. ಒಂದೇ ಹಲಗೆ ಇನ್ನೂರು ಸಲಕ್ಕೂ ಮಿಕ್ಕಿ ಬಳಕೆಗೆ ಬರುತ್ತದೆ. ಬಿಹಾರದ, ಜಾರ್ಖಂಡದ, ಬಂಗಾಳದ ಹುಡುಗರು. ಅವರ ಸುತ್ತಿಗೆಯ ಸದ್ದಿಗೆ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ.

ತಾರಸಿಯ ಹಲಗೆ ತೆಗೆದರೂ ಜಾಕಿಗಳು ಕದಲದಂತೆ ಈ ವ್ಯವಸ್ಥೆಯಲ್ಲಿ ಏರ್ಪಾಡಿದೆ. ಮೇಲೆ ಸುರಿಯುವ ಹಸಿ ಮಹಡಿಯ ಭಾರ ಆ ಜಾಕಿಗಳ ಮೂಲಕ ಕೆಳಗಿನ ಎರಡು ಮೂರು ಮಹಡಿಗಳಿಗೆ ಹಂಚಿಹೋಗುತ್ತದೆ. ಹಿಂದಿನ ತಿಂಗಳು ಮೇಲಿನ ಮಹಡಿಗೆ ಜಾಕಿ ಸಾಲದೆ, ಕೆಳಗಿನವನ್ನು ಬಿಚ್ಚಿ ತರಿಸು ಎಂದು ಅವನಿಗೆ ಮೇಲಿನವರು ಹೇಳಿದರಂತೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಅವನು ಎದುರು ಮಾತಾಡಲಿಲ್ಲ. ‘ಬರೆದುಕೊಡಿ ಸಾರ್, ಬಿಚ್ಚಿಸ್ತೀನಿ’ ಎಂದ. ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ. ಸಂಜೆಯ ಹೊತ್ತಿಗೆ ಬೇರೆ ಕಡೆಯಿಂದ ಲಾರಿಯಲ್ಲಿ ಜಾಕಿ ಬಂದವು.

ಮರ ಹೋಗಿ ಅಲ್ಯೂಮಿನಿಯಂ ಬಂತು, ವಾರದೊಳಗೆ ಒಂದು ಮಹಡಿ ಏಳುತ್ತದೆ. ಆದರೆ ದಿನ ಉಳಿಸು ಎನ್ನುವವರು ಜಾಕಿಯ ಕೆಳಗೆ ನಿಂತಿರುವುದಿಲ್ಲ ಎಂಬುದು ಮಾತ್ರ ಬದಲಾಗಿಲ್ಲ. ಹೀಗೆ ಬರೆಯುವ ನಾವೇನೂ ಬೇರೆಯವರಲ್ಲ. 2014ರಲ್ಲಿ ಸಾಲ ಮಾಡಿ ನಮ್ಮದೇ ಮನೆ ಕಟ್ಟಿಸುವಾಗ ಬಾಡಿಗೆ ಮನೆ ಬಿಡುವ ಅವಸರಕ್ಕೆ ಮೇಸ್ತ್ರಿಯನ್ನು ಹತ್ತನೆಯ ದಿನವೇ ಕೇಳಿದೆವು, ‘ಇನ್ನೂ ಎಷ್ಟು ದಿನ?’ ಪಕ್ಕದಲ್ಲಿ ಕೋಲೂರಿ ನಿಂತಿದ್ದ ಮಾಮು ನಮ್ಮ ಮುಖ ನೋಡಿದರು. ನಾವು ಸುಮ್ಮನಾದೆವು. ಓದುಗರೇ, ನೀವೂ ಮನೆ ಕಟ್ಟಿಸುವವರಿದ್ದರೆ ಆ ಪ್ರಶ್ನೆಯನ್ನು ಮೇಸ್ತ್ರಿಗೆ ಕೇಳಬೇಡಿ. ಗೋಡೆಯ ಮೇಲೆ ಎರಡು ತಾರೀಕು ಬರೆಯಿಸಿ.

ಅಬ್ಬಾ ಈಗಿಲ್ಲ. ಮಾಮು ತುಮಕೂರಿನಲ್ಲಿ ಶೀಟು, ಜಾಕಿ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಅವಧಿಗೆ ಮುಂಚೆ ಸಾಮಾನು ಮರಳಿಸಲು ಬಂದವರ ಬಾಡಿಗೆ ನಿಲ್ಲಿಸುವ ಮೊದಲು, ಕಟ್ಟಡ ಎಲ್ಲಿ, ಮೋಲ್ಡ್ ಯಾವತ್ತು ಆಯಿತು ಎಂದು ವಿಚಾರಿಸುತ್ತಾರೆ. ರಾತ್ರಿ ಮಗ ಬೆಂಗಳೂರಿನಿಂದ ಫೋನು ಮಾಡಿ ಇಪ್ಪತ್ತೆರಡನೆಯ ಮಹಡಿ ಆಯಿತು, ಇಪ್ಪತ್ಮೂರು ಆಯಿತು ಎಂದು ಹೇಳುತ್ತಾನೆ. ಮಾಮು ಮಹಡಿಯ ಲೆಕ್ಕವನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

‘ಕೆಳಗಿನದಕ್ಕೆ ಇವತ್ತು ಎಷ್ಟನೇ ದಿನ ಬೇಟಾ?’ ಎಂದು ಕೇಳುತ್ತಾರೆ.